ಹಸಿರು ಎಲೆಗಾಗಿ ಒಂದು ಸಾವು

ನಮ್ಮ ಓಣಿಯಲ್ಲಿ ಮಗ್ಗ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಹೊರಗಿನವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಳಕಲ್ಲಿನ ಈ ಓಣಿಯಲ್ಲಿ ಬೆಳಗಾಯಿತೆಂದರೆ ಎರಡೂ ಬದಿಯ ಮನೆಗಳಿಂದ ಖಟಕ್ ಪಟಕ್ ಶುರುವಾಗುತ್ತದೆ, ಕತ್ತಲಾಗುವ ತನಕ ಬಿಡುವುದಿಲ್ಲ. ಗಂಡ ಊಟಕ್ಕೆ ಎದ್ದರೆ ಹೆಂಡತಿ ಕೂರುತ್ತಾಳೆ, ಹೆಂಡತಿ ನೀರಿಗೆ ಎದ್ದರೆ ಮಗ ಕೂರುತ್ತಾನೆ. ಹೀಗಿರುವಾಗ ಹಾಡುಹಗಲು ಒಂದು ಮನೆಯ ಮಗ್ಗ ನಿಂತಿತೆಂದರೆ ಅರ್ಥ ಒಂದೇ: ಆ ಮನೆಯಲ್ಲಿ ಯಾರೋ ಹೋದರು. ಅದನ್ನು ಗಮನಿಸಿ ಎದುರು ಮನೆಯವನು ತನ್ನ ಮಗ್ಗ ನಿಲ್ಲಿಸುತ್ತಾನೆ, ಅವನದು ನಿಂತದ್ದಕ್ಕೆ ಅವನ ಪಕ್ಕದವನು ನಿಲ್ಲಿಸುತ್ತಾನೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನೊಂದು ಪದ್ಧತಿಯೂ ಇದೆ. ಸಾವಿನ ಮನೆಯ ಮುಂದೆ ನಿಂತು "ಯಾರು ಹೋದ್ರಿ?" ಎಂದು ಕೇಳುವಂತಿಲ್ಲ. ಇಷ್ಟು ಹತ್ತಿರ ಇದ್ದೂ ಅಷ್ಟೂ ತಿಳಿಯಲಿಲ್ಲವೇ ಎಂದು ಮನೆಯವರು ಮುನಿಸಿಕೊಳ್ಳುತ್ತಾರೆ. ಮೊದಲು ಕೂತು ಅಳಬೇಕು. ಅಳುತ್ತಾ ಹೋದರೆ ಯಾರಿಗಾಗಿ ಅಳುತ್ತಿದ್ದೇವೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಅಜ್ಜ ಮುತ್ತಜ್ಜರ ಕಾಲದಿಂದ ಹೀಗೇ ನಡೆದು ಬಂದಿದೆ, ಒಮ್ಮೆಯೂ ತಪ್ಪಾಗಿರಲಿಲ್ಲ. ತಪ್ಪಿಸಿದವನು ನಿಂಗಣ್ಣ.

ನಿಂಗಣ್ಣ ಕೆಟ್ಟವನಲ್ಲ. ಸೀರೆ ನೇಯುವುದರಲ್ಲಿ ಅವನ ಕೈಗೆ ಹೆಸರು ಇಡುವಂತಿಲ್ಲ. ಅವನಿಗೆ ಇದ್ದದ್ದು ಒಂದೇ ಚಾಳಿ, ಓದಿದವರು ಏನೇ ಕೇಳಿದರೂ ಅರ್ಥವಾಗುವ ಮೊದಲೇ "ಹೌದ್ರಿ" ಎಂದುಬಿಡುವುದು. ಒಮ್ಮೆ ನನ್ನನ್ನು ಕಣ್ಣಿನ ಶಿಬಿರಕ್ಕೆ ಬಿಡಲು ಬಂದವನು ನಾನು ಹೊರಗೆ ಬರುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಹೌದ್ರಿ ಹೌದ್ರಿ ಎನ್ನುತ್ತಾ ರಕ್ತದಾನ ಮಾಡಿ, ಬಿಸ್ಕೀಟು ತಿನ್ನುತ್ತಾ ಕೂತಿದ್ದ.

ಅಂಥವನನ್ನು ಮಗಳ ಶಾಲೆಯಿಂದ ಸುಧಾರಾಣಿ ಟೀಚರ್ ಕರೆಸಿದರು.

ಸುಧಾರಾಣಿ ಟೀಚರ್ ಬಾಗಲಕೋಟೆಯಲ್ಲಿ ಒಂದು ತರಬೇತಿ ಮುಗಿಸಿ ಬಂದಿದ್ದರು. ಬಂದ ಮೇಲೆ ಅವರು ಮೊದಲಿನ ಸುಧಾರಾಣಿ ಟೀಚರ್ ಆಗಿ ಉಳಿದಿರಲಿಲ್ಲ. ತರಗತಿಯ ಗೋಡೆಗೆ ಕಾಗದದ ಒಂದು ದೊಡ್ಡ ಮರ ಅಂಟಿಸಿದ್ದರು. ಒಂದೊಂದು ಮಗುವಿಗೆ ಒಂದೊಂದು ಎಲೆ. ಪ್ರತಿ ಮಗುವೂ ನಿಸರ್ಗ ದಿನಚರಿ ಬರೆಯಬೇಕು, ಅಂದರೆ ದಿನವೂ ತಾನು ಕಂಡ ಗಿಡ, ಕೇಳಿದ ಹಕ್ಕಿ, ಮುಟ್ಟಿದ ಮಣ್ಣು ಇದನ್ನೆಲ್ಲ. ಬರೆದದ್ದನ್ನು ಓದಿ ಟೀಚರ್ ಮಗುವಿನ ಮನಸ್ಸಿನ ಆರೋಗ್ಯ ಅಳೆಯುತ್ತಿದ್ದರು. ಮನಸ್ಸು ಅರಳಿದ್ದರೆ ಹಸಿರು ಎಲೆ, ಮುದುಡಿದ್ದರೆ ಹಳದಿ ಎಲೆ. ಶನಿವಾರ ಹಸಿರು ಎಲೆಯವರೆಲ್ಲ ಬಸ್ಸಿನಲ್ಲಿ ಬಾದಾಮಿಗೆ ಹೋಗಿ ಕೆರೆ, ಬಂಡೆ, ಮಂಗಗಳನ್ನು ನೋಡಿ ಬರೆದುಕೊಂಡು ಬರುವುದು. ಹಳದಿ ಎಲೆಯವರಿಗೆ ಪ್ರಯಾಣ ಆಯಾಸ, ಅವರು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವುದು. ಮನಸ್ಸು ಮುದುಡಿದವರನ್ನು ಮನೆಯಲ್ಲಿ ಬಿಟ್ಟರೆ ಅದು ಅರಳುವುದು ಹೇಗೆ ಎಂದು ನನ್ನಂಥ ದಡ್ಡರಿಗೆ ಅನ್ನಿಸಬಹುದು. ನಾವು ತರಬೇತಿಗೆ ಹೋದವರಲ್ಲ.

ನಿಂಗಣ್ಣನ ಮಗಳು ಮಾಯಾ ಆರನೆಯ ತರಗತಿ. ಅವಳ ಎಲೆ ಹಳದಿ.

"ನೋಡ್ರಿ ನಿಂಗಣ್ಣ, ನಾ ಕೇಳಿದ ನಿಸರ್ಗದ ಸದ್ದು ಅಂತ ಒಂದು ಪುಟ ಐತಿ. ದಿನಾ ಏನು ಬರದಾಳ ನೋಡ್ರಿ," ಎಂದು ಟೀಚರ್ ಪುಸ್ತಕ ಮುಂದಿಟ್ಟರು.

ನಿಂಗಣ್ಣ ನೋಡಿದ. ಖಟಕ್ ಪಟಕ್. ಮರುದಿನವೂ ಖಟಕ್ ಪಟಕ್. ಭಾನುವಾರ ಮಾತ್ರ ಸ್ವಲ್ಪ ಬದಲಾವಣೆ ಇತ್ತು: ಖಟಕ್ ಪಟಕ್, ಆಯಿಯ ಬೈಗುಳ.

"ಹುಡುಗಿ ಒಂದ ಒಂದು ಹಕ್ಕಿ ದನಿನೂ ಕೇಳಿಲ್ರಿ. ಮನಸ್ಸು ಒಳಗಿಂದೊಳಗ ಮುದುಡೇತಿ. ತಿಳೀತೇನ್ರಿ?"

"ಹೌದ್ರಿ."

"ನಾಳೆ ಶುಕ್ರವಾರ ಮುಂಜಾನೆ ಆಕಿ ಸಾಲಿಗಿ ಬರೂದು ಬ್ಯಾಡ. ನೀವೂ ಆಕಿ ಜೋಡಿ ಗಿಡದ ಕೆಳಗ ಅರ್ಧ ತಾಸು ಕೂಡ್ರಬೇಕು. ಒಂದರ ಹಕ್ಕಿ ದನಿ ಕೇಳಿ ಬರದ್ಲಂದ್ರ ಹಸರ ಎಲಿ ಹಚ್ತೇನಿ, ಶನಿವಾರ ಬಾದಾಮಿಗಿ ಕರಕೊಂಡು ಹೋಗ್ತೇನಿ. ಆದ್ರ ಯಾರು ಬಂದ್ರೂ, ಏನ ಕೇಳಿದ್ರೂ ಮಾತಾಡಬಾರ್ದು. ಮಾತಾಡಿದ್ರ ಮತ್ತ ಮೊದಲಿಂದ ಕೂಡ್ರಬೇಕಾಕ್ಕೇತಿ. ಯಾರರ ಬಂದ್ರ ಸುಮ್ನ ಒಂದು ನಗಿ ನಗ್ರಿ. ಮೂಗಿಲೆ ಉಸರ ತಗೊಂಡು ಬಾಯಿಲೆ ಉದ್ದಕ ಬಿಡ್ರಿ. ಕಡೀಕ ಎರಡೂ ಕೈ ಮ್ಯಾಲ ಎತ್ತಿ ಆಕಾಶಕ್ಕ ನಮಸ್ಕಾರ ಮಾಡ್ರಿ. ಮಾಡ್ತೀರಲ್ಲ?"

"ಹೌದ್ರಿ," ಎಂದ ನಿಂಗಣ್ಣ. ಈ ಸಲ ಮಾತ್ರ ಅವನಿಗೆ ಅರ್ಥವಾಗಿತ್ತು. ಮಗಳು ಬಾಗಿಲ ಹೊರಗೆ ನಿಂತು ತುಟಿ ಕಚ್ಚಿಕೊಂಡು ಗೋಡೆಯ ಮರ ನೋಡುತ್ತಿದ್ದಳು. ಅವಳು ಬಾದಾಮಿ ನೋಡಿರಲಿಲ್ಲ. ಗೆಳತಿಯರು ಆಗಲೇ ಬುತ್ತಿಗೆ ಏನು ಒಯ್ಯಬೇಕೆಂದು ಮಾತಾಡಿಕೊಂಡಿದ್ದರು.

ಹಳದಿ ಎಲೆಯ ಸುದ್ದಿಯನ್ನು ಅವನು ಯಾರಿಗೂ ಹೇಳಲಿಲ್ಲ, ಹೆಂಡತಿ ವಿದ್ಯಾಳಿಗೂ ಸಹ. ಹುಡುಗಿಯ ಮನಸ್ಸು ಮುದುಡಿದೆ ಎಂದು ಗೊತ್ತಾದರೆ ನಮ್ಮ ಓಣಿ ಸಂಜೆಯೊಳಗೆ ಅವಳನ್ನು ಧಾರವಾಡದ ಹುಚ್ಚರ ಆಸ್ಪತ್ರೆಗೆ ಸೇರಿಸಿಬಿಡುತ್ತದೆ. ಈ ಒಂದು ಗುಟ್ಟೇ ಮುಂದಿನ ಅನಾಹುತಕ್ಕೆಲ್ಲ ಕಾರಣವಾಯಿತು.

ಶುಕ್ರವಾರ ಬೆಳಿಗ್ಗೆ ವಿದ್ಯಾ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಳು. ನಿಂಗಣ್ಣನ ತಾಯಿ, ಮಾಯಾಳ ಆಯಿ ಕಾಳವ್ವ ಭಜನೆಯ ಹೆಂಗಸರ ಜೊತೆ ಕೂಡಲಸಂಗಮಕ್ಕೆ ಹೋಗಿ ಹಿಂದಿನ ದಿನವೇ ಅಲ್ಲಿ ಉಳಿದುಕೊಂಡಿದ್ದಳು. ಮನೆಯಲ್ಲಿ ತಂದೆ ಮಗಳು ಇಬ್ಬರೇ. ನಿಂಗಣ್ಣ ಲಾಳಿ ಕೆಳಗಿಟ್ಟು ಮಗ್ಗದಿಂದ ಎದ್ದ. ಮನೆಯ ಮುಂದೆಯೇ ಅರಳಿ ಮರ, ಅದಕ್ಕೊಂದು ಕಟ್ಟೆ. ಇಬ್ಬರೂ ಹೋಗಿ ಕೂತರು. ಮಾಯಾ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ತಲೆ ತಗ್ಗಿಸಿದಳು. ನಿಂಗಣ್ಣ ಫೋನಿನಲ್ಲಿ ಅರ್ಧ ತಾಸಿನ ಗಂಟೆ ಇಟ್ಟು, ಕಣ್ಣು ಮುಚ್ಚಿ, ಮೂಗಿನಿಂದ ಉಸಿರು ಎಳೆದು ಬಾಯಿಂದ ಬಿಟ್ಟ. ಮಗ್ಗಕ್ಕೆ ಕೂತು ರೂಢಿಯಿದ್ದ ಮೈ, ಸುಮ್ಮನೆ ಕೂತು ಗೊತ್ತಿಲ್ಲ. ಆ ಉಸಿರು ನಾಲ್ಕು ಮನೆಗೆ ಕೇಳುವ ಹಾಗೆ ಹೊರಬಂತು.

ಎದುರು ಮನೆಯ ಹೊಳಬಸಪ್ಪನ ಕೈ ಅಲ್ಲೇ ನಿಂತಿತು. ಅವನು ಕಿಟಕಿಯಿಂದ ಬಗ್ಗಿ ನೋಡಿದ. ನಿಂಗಣ್ಣನ ಮಗ್ಗ ನಿಂತಿದೆ. ನಿಂಗಣ್ಣ ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದಾನೆ. ಪಕ್ಕದಲ್ಲಿ ಮಗಳು ತಲೆ ಬಗ್ಗಿಸಿ ಕೂತಿದ್ದಾಳೆ. ಹೊಳಬಸಪ್ಪ ತನ್ನ ಮಗ್ಗ ಬಿಟ್ಟು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಬಿದ್ದ.

ಹೆಜ್ಜೆ ಸದ್ದಿಗೆ ನಿಂಗಣ್ಣ ಕಣ್ಣು ತೆರೆದು, ಟೀಚರ್ ಹೇಳಿದ ಹಾಗೆ ಒಂದು ನಗೆ ನಕ್ಕ. ಮಾಯಾ ತುಟಿಯ ಮೇಲೆ ಬೆರಳಿಟ್ಟು ಮಾತಾಡಬೇಡಿ ಎಂದು ಸನ್ನೆ ಮಾಡಿದಳು.

ಹೊಳಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯ ಶಿವನ! ದುಃಖ ತಲಿಗಿ ಏರೇತಿ," ಎಂದು ಗೊಣಗಿ, ನೆಲಕ್ಕೆ ಕೂತು ಅಳತೊಡಗಿದ.

ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ನಾನೂ ನಿಲ್ಲಿಸಿದೆ. ಹೋಗಿ ಅಳುವವರ ಪಕ್ಕ ಕೂತೆ, ಸುಮ್ಮನೆ ಕೂರಲು ಆಗುತ್ತದೆಯೇ, ನಾನೂ ಅಳತೊಡಗಿದೆ. ಅಷ್ಟು ಹೊತ್ತಿಗೆ ಶಂಕ್ರಪ್ಪ ಬಂದರು. ಶಂಕ್ರಪ್ಪ ನಮ್ಮ ಓಣಿಯ ಹಿರಿಯರು. ಯಾವ ಮಗ್ಗ ಯಾವಾಗ ನಿಲ್ಲಬೇಕು, ಮತ್ತೆ ಯಾವಾಗ ಹಚ್ಚಬೇಕು ಎಂಬುದು ಅವರ ಬಾಯಿಂದಲೇ ಬರಬೇಕು. ಅವರು ಹೊಳಬಸಪ್ಪನನ್ನು ಬದಿಗೆ ಕರೆದು ಕಿವಿಯಲ್ಲಿ ಕೇಳಿದರು.

"ಯಾರಂತ ಏನರ ತಿಳೀತೇನಲೇ?"

"ಲೆಕ್ಕ ಹಾಕ್ರಿ ಕಾಕಾ. ನಿಂಗಣ್ಣ ಇಲ್ಲೇ ಕುಂತಾನ. ಹುಡುಗಿ ಇಲ್ಲೇ ಐತಿ. ವಿದ್ಯಾ ಗಿರಣಿಗಿ ಹೋಗೂದನ್ನ ನಾನ ಕಣ್ಣಾರೆ ನೋಡೇನಿ. ಇನ್ನ ಉಳದಾಕಿ ಯಾರ್ರಿ?"

"ಕಾಳವ್ವ!"

"ಸಂಗಮಕ್ಕ ಹೋಗಿದ್ಲು," ಎಂದು ಹೊಳಬಸಪ್ಪ ಹೊಸದಾಗಿ ಅತ್ತ.

ಶಂಕ್ರಪ್ಪ ಆದರೂ ಎಚ್ಚರದ ಮನುಷ್ಯರು. ಖಾತ್ರಿ ಮಾಡಿಕೊಳ್ಳದೆ ಮುಂದುವರಿಯುವವರಲ್ಲ. ಮರದ ಹತ್ತಿರ ಹೋಗಿ ನಿಂಗಣ್ಣನ ಹೆಗಲ ಮೇಲೆ ಕೈಯಿಟ್ಟರು. "ನಿಂಗಣ್ಣ, ಕಾಳವ್ವ ನಮ್ಮನ್ನೆಲ್ಲಾ ಬಿಟ್ಟು ಹ್ವಾದ್ಲೇನಪಾ?"

ನಿಂಗಣ್ಣನಿಗೆ ಅವರು ಕೇಳಿದ್ದು ಸಂಗಮಕ್ಕೆ ಹೋದ ವಿಷಯ ಎಂದೇ ಅನ್ನಿಸಿತು. ಹೌದು, ಹೋಗಿದ್ದಾಳೆ. ಆದರೆ ಬಾಯಿ ತೆರೆಯುವಂತಿಲ್ಲ. ಅವನು ನಗುತ್ತಾ ತಲೆ ಆಡಿಸಿದ. ಅರ್ಧ ತಾಸು ಮುಗಿಯುತ್ತಾ ಬಂದಿದ್ದರಿಂದ ಉದ್ದಕ್ಕೆ ಉಸಿರು ಬಿಟ್ಟು, ಎರಡೂ ಕೈ ಎತ್ತಿ ಆಕಾಶಕ್ಕೆ ನಮಸ್ಕಾರ ಮಾಡಿದ.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಶಂಕ್ರಪ್ಪ ತಲೆಯ ಪಟಗ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಓಣಿಗೆ ಓಣಿಯೇ ಗೊಳೋ ಎಂದಿತು.

ಪಾಪ ಮಾಯಾ ಮಾತ್ರ ಒಬ್ಬೊಬ್ಬರ ಮುಂದೆ ಹೋಗಿ ಬೆರಳಿನಿಂದ ಸನ್ನೆ ಮಾಡುತ್ತಿದ್ದಳು. ಬೆರಳು ತುಟಿಗೆ, ಆಮೇಲೆ ಕಿವಿಗೆ, ಆಮೇಲೆ ಮರಕ್ಕೆ. ಸ್ವಲ್ಪ ಸುಮ್ಮನಿರಿ, ಹಕ್ಕಿ ಕೇಳಬೇಕು ಎಂದು ಅದರ ಅರ್ಥ. "ಆಯಿ ಮ್ಯಾಲ ಹ್ವಾದ್ಲಂತ ಹೇಳಾಕತ್ತೇತಿ ನೋಡ್ರಿ ಕೂಸು," ಎಂದು ಹೆಂಗಸರು ಅವಳನ್ನು ಅಪ್ಪಿಕೊಂಡು ಇನ್ನೂ ಜೋರಾಗಿ ಅತ್ತರು.

ಅದೇ ವೇಳೆಗೆ ವಿದ್ಯಾ ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಮಗ್ಗದ ಸದ್ದಿಲ್ಲ, ಮನೆಯ ಮುಂದೆ ಜನ. ಯಾರನ್ನೂ ಕೇಳುವ ಹಾಗಿಲ್ಲ, ಪದ್ಧತಿ. ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದಳು. ಗಂಡ ಇದ್ದಾನೆ, ಮಗಳು ಇದ್ದಾಳೆ. "ಅಯ್ಯೋ ನಮ್ಮತ್ತೀ!" ಎಂದು ದಬಾಲನೆ ಬಿದ್ದಳು. ತಕ್ಷಣ ಕಾಳವ್ವನ ಫೋನಿಗೆ ಹಚ್ಚಿದಳು. ಸ್ವಿಚ್ ಆಫ್. ಬ್ಯಾಟರಿ ಖರ್ಚಾಗುತ್ತದೆಂದು ಕಾಳವ್ವ ಫೋನು ಕೊಂಡಂದಿನಿಂದ ಬಂದ್ ಮಾಡಿಯೇ ಇಟ್ಟಿದ್ದಳು. ಅದು ಸೊಸೆಗೂ ಗೊತ್ತಿತ್ತು, ಆದರೆ ಅಂಥ ಹೊತ್ತಿನಲ್ಲಿ ಯಾರಿಗೆ ನೆನಪಾಗುತ್ತದೆ.

ಟ್ರೀಂ ಎಂದು ನಿಂಗಣ್ಣನ ಫೋನಿನ ಗಂಟೆ ಬಡಿಯಿತು. ಅರ್ಧ ತಾಸು ಮುಗಿಯಿತು. ನಿಂಗಣ್ಣ ಸಮಾಧಾನದಿಂದ ಎದ್ದು ಮೈಮುರಿದು ಸುತ್ತ ನೋಡಿದ.

"ಏನಾತ್ರಿ? ಯಾಕ ಎಲ್ಲಾರೂ ಅಳಾಕತ್ತೀರಿ?"

ವಿದ್ಯಾ ಎದೆ ಬಡಿದುಕೊಂಡಳು. "ಅತ್ತಿ ಹ್ವಾದ್ರಲ್ರೀ!"

"ನಮ್ಮವ್ವನ? ಯಾವಾಗ?"

"ಈಗ, ನೀ ಇಲ್ಲಿ ಕುಂತಾಗ," ಎಂದ ಹೊಳಬಸಪ್ಪ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸುದ್ದಿಯನ್ನು ಸುಳ್ಳು ಎನ್ನಬಲ್ಲವನು ಇಡೀ ಇಳಕಲ್ಲಿನಲ್ಲಿ ಒಬ್ಬನೇ ಇದ್ದ. ಅವನು ಎರಡೂ ಕೈಯಿಂದ ತಲೆ ಚಚ್ಚಿಕೊಂಡು "ಯವ್ವಾ! ನೀ ಸಾಯೂ ಹೊತ್ತಿನ್ಯಾಗ ನಾ ನಕ್ಕೋಂತ ಕುಂತಿದ್ನಲ್ಲ ಬೇ!" ಎಂದು ಕಟ್ಟೆಯ ಮೇಲೆ ಬಿದ್ದು ಹೊರಳಿದ. ಅಷ್ಟು ಮಂದಿ ಅಳುವಾಗ ಸುಳ್ಳಿರಲು ಹೇಗೆ ಸಾಧ್ಯ?

ಮಾಯಾಳ ಕೈಯಿಂದ ಪುಸ್ತಕ ಜಾರಿತು. ಅಲ್ಲಿಯವರೆಗೆ ಹಕ್ಕಿಗಾಗಿ ಕಾದಿದ್ದ ಹುಡುಗಿ ತಾಯಿಯ ಸೀರೆ ಹಿಡಿದು ಬಿಕ್ಕಿದಳು. "ನನಗ ಹಸರ ಎಲಿ ಬ್ಯಾಡ. ಬಾದಾಮಿನೂ ಬ್ಯಾಡ. ನನಗ ಆಯಿ ಬೇಕು." ಆ ಮಾತಿಗೆ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಅದಕ್ಕೆ ಮೊದಲು ಬಂದಿರಲಿಲ್ಲ ಎಂದು ಯಾರೂ ತಿಳಿಯಬಾರದು, ಇದು ಬೇರೆ ನೀರು.

ಶಂಕ್ರಪ್ಪ ವ್ಯವಸ್ಥೆಗೆ ನಿಂತರು. ಓಣಿಯ ಈ ಬದಿಯಿಂದ ಆ ಬದಿಗೆ ಶಾಮಿಯಾನ ಎಳೆಸಿದರು. ಹುನಗುಂದದ ಬೀಗರಿಗೆ ಫೋನು ಹೋಯಿತು, ಅವರು ಸಿಕ್ಕ ಬಸ್ಸು ಹತ್ತಿ ಬಸ್ಸಿನಲ್ಲೇ ಅಳಲು ಶುರುಮಾಡಿಕೊಂಡು ಬಂದರು. ಹೆಣ ತರಲು ಬಾಬುಸಾಬನ ಟಂಟಂ ಗಾಡಿ ಕೂಡಲಸಂಗಮಕ್ಕೆ ಹೊರಟಿತು. ಮಧ್ಯಾಹ್ನ ಬಾಬುಸಾಬ ಅಲ್ಲಿಂದ ಫೋನು ಮಾಡಿದ. ಶಂಕ್ರಪ್ಪ ಎಲ್ಲರಿಗೂ ಕೇಳಲೆಂದು ಅದನ್ನು ಜೋರು ಮಾಡಿ ಹಿಡಿದರು.

"ಕಾಕಾ, ಇಲ್ಲಿ ಯಾರೂ ಸತ್ತಿಲ್ಲಂತ್ರಿ. ಗುಡಿ, ಹೊಳಿ, ಊಟದ ಮನಿ, ಎಲ್ಲಾ ಕಡೆ ಕೇಳೇನಿ."

"ಹೆಂಗ ಸತ್ತಿಲ್ಲ? ಇಲ್ಲಿ ಓಣಿ ತುಂಬ ಮಗ್ಗ ನಿಂತಾವ! ಚಲೋತಂಗ ಹುಡುಕಲೇ."

"ಇಳಕಲ್ಲಿನ ಭಜನಿ ಹೆಣ್ಮಕ್ಕಳು ಮುಂಜಾನೆನ ಊಟ ಮಾಡಿ ಬಸ್ ಹತ್ಯಾರಂತ್ರಿ."

"ಹತ್ತಿದವರು ಬ್ಯಾರೆಯವರು. ಸತ್ತಾಕಿನ ಹುಡುಕು. ಎರಡು ಹೊಳಿ ಕೂಡೂ ಜಾಗಾ, ಹರಕೊಂಡು ಹೋಗಿದ್ರ? ಹರಗೋಲದವರನ್ನ ಕೇಳು."

ಫೋನು ಇಡುವಷ್ಟರಲ್ಲಿ ಕಾಳವ್ವ ಕೃಷ್ಣಾ ನದಿಗೆ ಬಿದ್ದು ಹೋದದ್ದು ಎಲ್ಲರಿಗೂ ಖಚಿತವಾಯಿತು. ಹುನಗುಂದದ ಬೀಗರಲ್ಲಿ ಒಬ್ಬರು ಅವಳು ಬೀಳುವಾಗ ಶಿವನಾಮ ಅಂದದ್ದನ್ನೂ ವಿವರಿಸಿದರು.

ಹೀಗೆ ಶೋಕ ಒಳ್ಳೆಯ ಭರದಲ್ಲಿದ್ದಾಗ ಓಣಿಯ ತಿರುವಿನಲ್ಲಿ ಕಾಳವ್ವ ಬಂದಳು.

ಹುನಗುಂದದಲ್ಲಿ ಬಸ್ಸು ಬದಲಿಸಿ, ಜೊತೆಯವರನ್ನು ಅವರವರ ಓಣಿಗೆ ಕಳಿಸಿ, ಬಗಲಲ್ಲಿ ಪ್ರಸಾದದ ಗಂಟು ಇಟ್ಟುಕೊಂಡು ಬರುತ್ತಿದ್ದಳು. ಮಗ್ಗದ ಸದ್ದಿಲ್ಲ. ಶಾಮಿಯಾನ. ಜನ. ಕಾಳವ್ವ ಸಂಪ್ರದಾಯದ ಹೆಣ್ಣುಮಗಳು, ಯಾರು ಏನು ಎಂದು ಕೇಳಲಿಲ್ಲ. ಹೊಳಬಸಪ್ಪನ ತಾಯಿ ವರ್ಷದಿಂದ ಹಾಸಿಗೆ ಹಿಡಿದಿದ್ದಳು, ಆಕೆಯೇ ಇರಬೇಕೆಂದು ತಾನೇ ನಿರ್ಧರಿಸಿದಳು. ಇಳಕಲ್ ಸೀರೆಯ ಕೆಂಪು ಸೆರಗನ್ನು ಮುಖ ಮುಚ್ಚುವ ಹಾಗೆ ಎಳೆದುಕೊಂಡು ಹೆಂಗಸರ ನಡುವೆ ತೂರಿ ಕೂತು ದನಿ ತೆಗೆದಳು. ಅಳುವುದರಲ್ಲಿ ಓಣಿಯಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ದೂರದ ಓಣಿಯವರೂ ಕರೆಯಿಸಿಕೊಳ್ಳುತ್ತಿದ್ದರು. ಅವಳ ದನಿ ಕೂಡಿದ ಮೇಲೆ ಮಂಕಾಗಿದ್ದ ಅಳು ಮತ್ತೆ ಕಳೆಕಟ್ಟಿತು.

ಮುಂದೆ ವಿದ್ಯಾ ಹಾಡಿ ಹಾಡಿ ಅಳುತ್ತಿದ್ದಳು. "ಇಂಥಾ ಅತ್ತಿ ಹುಡುಕಿದ್ರ ಸಿಗಂಗಿಲ್ಲವ್ವಾ! ಬಂಗಾರದಂಥಾ ಅತ್ತಿ! ಒಂದ ದಿನಾ ನನಗ ದನಿ ಎತ್ತಿ ಬೈಲಿಲ್ಲವ್ವಾ! ತನ್ನ ತಾಟಿನ್ಯಾಗಿನ ರೊಟ್ಟಿ ನನಗ ಹಾಕತಿದ್ಲವ್ವಾ!"

ಕಾಳವ್ವ ಸೆರಗಿನೊಳಗಿಂದಲೇ, ಯಾರೆಂದು ನೋಡದೆ, ಪಕ್ಕದಲ್ಲಿದ್ದ ಹುನಗುಂದದ ಬೀಗಿತ್ತಿಯ ಕಡೆ ವಾಲಿದಳು. "ಕೇಳಿದ್ರೇನ್ರಿ? ಅಕಿ ನಮ್ಮ ಸೊಸಿ. ಮಂದಿ ಅತ್ತಿಗಿ ಹೆಂಗ ಅಳಾಕತ್ತಾಳ ನೋಡ್ರಿ. ನನಗ ಒಂದ ದಿನ ಹಿಂಗ ಅಂದಿಲ್ಲ ಅಕಿ. ಸತ್ತಾಕಿ ಪುಣ್ಯವಂತಿ."

ಬೀಗಿತ್ತಿ ತನ್ನ ಅಳುವಿನ ಭರದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಾಳವ್ವನಿಗೆ ಹೊಟ್ಟೆಕಿಚ್ಚು ತಡೆಯಲಿಲ್ಲ. ಸತ್ತವಳ ಭಾಗ್ಯಕ್ಕಾಗಿ ಇನ್ನೂ ಎತ್ತರದ ದನಿಯಲ್ಲಿ ಅತ್ತಳು.

ಅಷ್ಟರಲ್ಲಿ ಸುಧಾರಾಣಿ ಟೀಚರ್ ಇಡೀ ತರಗತಿಯನ್ನು ಸಾಲಾಗಿ ಕರೆದುಕೊಂಡು ಬಂದರು. ಮಧ್ಯಾಹ್ನ ಬರಬೇಕಾಗಿದ್ದ ಮಾಯಾ ಬಾರದ್ದಕ್ಕೆ ವಿಚಾರಿಸಿದಾಗ ಅವರಿಗೆ ಸುದ್ದಿ ಸಿಕ್ಕಿತ್ತು. ಹಳದಿ ಎಲೆಯ ಮಗುವಿಗೆ ಮೇಲಿಂದ ಇಂಥ ಆಘಾತ! ಬಾಗಲಕೋಟೆಯ ತರಬೇತಿಯಲ್ಲಿ ಇದಕ್ಕೂ ಒಂದು ಪಾಠ ಇತ್ತು. ಟೀಚರ್ ಮಾಯಾಳನ್ನು ಮರದ ಕಟ್ಟೆಯ ಮೇಲೆ ಕೂರಿಸಿ ಕೈ ಹಿಡಿದುಕೊಂಡರು.

"ಮಾಯಾ, ಕಣ್ಣ ಮುಚ್ಚವಾ. ಉಸರ ತಗೋ. ಸುತ್ತಲಿನ ಸದ್ದು ಕೇಳು. ಎಲ್ಲಾ ಕೂಡಿ ಕೇಳಬ್ಯಾಡ, ಒಂದೊಂದು ಎಳಿ ಬಿಡಿಸಿ ಕೇಳು. ಏನೇನು ಕೇಳಾಕತ್ತೇತಿ, ನನಗ ಹೇಳು."

ಮಾಯಾ ಕಣ್ಣೊರೆಸಿಕೊಂಡು ಮುಚ್ಚಿದಳು. ನೇಕಾರರ ಮನೆಯ ಹುಡುಗಿ, ಎಳೆ ಬಿಡಿಸುವುದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಇದು ನಮ್ಮವ್ವ," ಎಂದಳು. "ಇದು ಅಪ್ಪ. ಮೂಗ ಎಳಕೋತಾನ. ಇದು ಹೊಳಬಸಪ್ಪ ಕಾಕಾ. ಇವರು ಹುನಗುಂದದವರು, ನೀರ ಬರವಲ್ದು, ಬರೇ ದನಿ ಐತಿ."

"ಚಲೋ, ಇನ್ನೂ ಕೇಳು."

"ಇದು ಆಯಿ."

ಟೀಚರ್ ಕಣ್ಣು ತುಂಬಿಕೊಂಡರು. "ಹೌದವಾ, ಆಯಿ ಯಾವಾಗ್ಲೂ ನಿನ್ನ ಮನಸಿನ್ಯಾಗ ಇರ್ತಾಳ."

"ಮನಸಿನ್ಯಾಗಲ್ರಿ ಟೀಚರ್. ಆ ಕಂಬದ ಹಂತ್ಯಾಕ," ಎಂದು ಮಾಯಾ ಎದ್ದು ಕಣ್ಣು ಮುಚ್ಚಿಕೊಂಡೇ ಹೆಂಗಸರ ನಡುವೆ ನಡೆದಳು. ಕೂಸಿಗೆ ಭ್ರಮೆ ಹಿಡಿಯಿತೆಂದು ಎರಡು ಮೂರು ಜನ ತಡೆಯಲು ಹೋದರು. ಅವಳು ನೇರ ಹೋಗಿ ಆ ಕೆಂಪು ಸೆರಗನ್ನು ಹಿಡಿದು ಮೇಲಕ್ಕೆತ್ತಿದಳು.

"ಆಯೀ!"

"ಏನ ಕೂಸ? ಸಾಲಿಗಿ ಹೋಗಲಿಲ್ಲೇನು?" ಎಂದಳು ಕಾಳವ್ವ ಮೂಗೊರೆಸಿಕೊಳ್ಳುತ್ತಾ.

ಹುನಗುಂದದ ಬೀಗಿತ್ತಿ ಕೂತಲ್ಲೇ ಹಿಂದಕ್ಕೆ ಉರುಳಿದಳು. ಮಾಯಾ ಆಯಿಯ ಕೊರಳು ಬಿಗಿಯಾಗಿ ತಬ್ಬಿಕೊಂಡು ಮುಖ ಹುದುಗಿಸಿದಳು. ಕಾಳವ್ವ ಮೊಮ್ಮಗಳನ್ನು ತಟ್ಟುತ್ತಾ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಯಾಕಲೇ ನಿಂಗಾ, ಹಂಗ್ಯಾಕ ನೋಡ್ತಿ? ಯಾರು ಸತ್ತಾರ?"

"ನೀನ ಬೇ," ಎಂದ ನಿಂಗಣ್ಣ ಸಣ್ಣ ದನಿಯಲ್ಲಿ.

"ನಾನ? ಯಾವಾಗ?"

"ಮುಂಜಾನೆ."

"ನನಗ ಯಾರೂ ಹೇಳಲೇ ಇಲ್ಲಲ್ಲೋ!" ಎಂದಳು ಕಾಳವ್ವ.

ಆಗ ನಮ್ಮ ಓಣಿಯಲ್ಲಿ ಒಂದು ನಿಶ್ಶಬ್ದ ಹುಟ್ಟಿತು. ಒಂದು ಮಗ್ಗವಿಲ್ಲ, ಒಂದು ಅಳುವಿಲ್ಲ, ಒಂದು ಮಾತಿಲ್ಲ. ನಾನು ಹುಟ್ಟಿದಂದಿನಿಂದ ಅಂಥದ್ದನ್ನು ಕೇಳಿರಲಿಲ್ಲ. ಆ ನಿಶ್ಶಬ್ದದಲ್ಲಿ ಸ್ಪಷ್ಟವಾಗಿ, ಒಂದೇ ಲಯದಲ್ಲಿ, ಸದ್ದು ಬಂತು.

ಟುಕ್. ಟುಕ್. ಟುಕ್. ಟುಕ್.

ಶಂಕ್ರಪ್ಪನವರ ಮುಖ ಕೆಂಪಾಯಿತು. "ಯಾರ್ಲೇ ಅವ? ಸಾವಿನ ಮನಿ ಮುಂದ ಮಗ್ಗ ನಡಸಾಂವ ಯಾಂವಲೇ?"

"ಯಾರೂ ಸತ್ತಿಲ್ಲಲ್ರಿ ಕಾಕಾ," ಎಂದೆ ನಾನು.

"ಸತ್ತಿರಲಿ ಬಿಡ್ಲಿ! ನಾ ಇನ್ನೂ ಮಗ್ಗ ಹಚ್ರಿ ಅಂತ ಹೇಳಿಲ್ಲ!"

ಅವರು ಕೋಲು ಹಿಡಿದು ಮನೆಮನೆ ಹೊಕ್ಕರು. ಹೊಳಬಸಪ್ಪನ ಮಗ್ಗ ನಿಂತಿತ್ತು. ನನ್ನದು ನಿಂತಿತ್ತು. ಹಾಸಿಗೆಯಲ್ಲಿದ್ದ ಹೊಳಬಸಪ್ಪನ ತಾಯಿಯನ್ನೂ "ನೀ ಏನರ ಹಚ್ಚೀಯೇನು?" ಎಂದು ಗದರಿಸಿ ಬಂದರು. ಟುಕ್ ಟುಕ್ ನಿಲ್ಲಲಿಲ್ಲ. ಹಿಂದಿನ ಸಾಲಿನ ಕರೆಂಟು ಮಗ್ಗದ ಶೆಡ್ಡಿಗೆ ಹೋಗಿ ಬೀಗ ಎಳೆದು ನೋಡಿದರು. ಅದೂ ಅಲ್ಲ. "ದಿನಾ ನೇಯಾಂವ ಅಲ್ಲ ಇಂವ, ಹೊಸಬ. ಪೆಟ್ಟು ಹಗರ ಬೀಳಾಕತ್ತಾವ," ಎಂದು ತಿರುಗಿ ಬಂದು ಏದುಸಿರು ಬಿಟ್ಟರು.

"ಅಜ್ಜಾ, ಅಂವ ಮ್ಯಾಲ ಅದಾನ," ಎಂದಳು ಮಾಯಾ.

ಎಲ್ಲರೂ ತಲೆ ಎತ್ತಿದೆವು. ಅರಳಿಯ ತುದಿಯ ಒಣಗಿದ ಟೊಂಗೆಯಲ್ಲಿ ಒಂದು ಹಕ್ಕಿ ಕೂತಿತ್ತು. ಗುಬ್ಬಿಗಿಂತ ಸ್ವಲ್ಪ ದಪ್ಪ, ಹಸಿರು ಮೈ, ಹಣೆಗೆ ಕುಂಕುಮ ಹಚ್ಚಿದಂತೆ ಕೆಂಪು. ತಲೆ ಆಡಿಸುತ್ತಾ ಟುಕ್ ಟುಕ್ ಎನ್ನುತ್ತಿತ್ತು. ಶಂಕ್ರಪ್ಪನ ಕೋಲಿಗೂ ಅಂಜಲಿಲ್ಲ, ಕಾಳವ್ವನ ಸಾವಿಗೂ ಅಂಜಲಿಲ್ಲ. ಅದಕ್ಕೆ ನಮ್ಮ ಪದ್ಧತಿ ಗೊತ್ತಿರಲಿಲ್ಲ.

"ಚೆಂಬುಕುಟಿಗ!" ಎಂದು ಸುಧಾರಾಣಿ ಟೀಚರ್ ಪಿಸುಗುಟ್ಟಿದರು.

ಮಾಯಾ ಒಂದು ಕೈಯಿಂದ ಆಯಿಯ ಸೆರಗು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಪುಸ್ತಕ ತೆಗೆದು ಬರೆದಳು. ಅವಳನ್ನು ನೋಡಿ ಓಣಿಯ ಉಳಿದ ಮಕ್ಕಳೂ ಚೀಲ ಬಿಚ್ಚಿ ಬರೆಯತೊಡಗಿದವು. ನೇಕಾರರ ಮಕ್ಕಳೆಲ್ಲ ಹಳದಿ ಎಲೆಯವರೇ ಎಂಬುದು ನಮಗೆ ಗೊತ್ತಾದದ್ದು ಆಗಲೇ. ಒಬ್ಬೊಬ್ಬರ ಮನೆಯಲ್ಲೂ ಅದೇ ಗುಟ್ಟು ಇತ್ತು. ಟೀಚರ್ ಬಗ್ಗಿ ಒಂದು ಅರಳಿ ಎಲೆ ಎತ್ತಿ ಮಾಯಾಳ ಕೈಗೆ ಕೊಟ್ಟರು.

"ಸಾಲ್ಯಾಗಿನ ಎಲಿ ಇವತ್ತ ಬದಲಿ ಮಾಡ್ತೇನಿ. ನಾಳೆ ಎಲ್ಲಾರೂ ಬಾದಾಮಿಗಿ ಹೋಗೂಣು."

ಮಾಯಾ ನಕ್ಕಳು. ಆ ನಗೆಯನ್ನು ನೋಡಿ ನಿಂಗಣ್ಣ ಮತ್ತೊಮ್ಮೆ ಅತ್ತ. ಈ ಸಲ ಯಾರೂ ಜೊತೆಗೂಡಲಿಲ್ಲ, ಕಣ್ಣೀರು ಮುಗಿದಿತ್ತು.

ಆಮೇಲೆ ವಿಚಾರಣೆ ನಡೆಯಿತು. ಶಂಕ್ರಪ್ಪ ಕಟ್ಟೆಯ ಮೇಲೆ ಕೂತು ನಿಂಗಣ್ಣನನ್ನು ಮುಂದೆ ನಿಲ್ಲಿಸಿಕೊಂಡರು. "ಮಗ್ಗ ಯಾಕ ನಿಲ್ಲಿಸಿದ್ಯೋ?"

"ಹಕ್ಕಿ ದನಿ ಕೇಳಾಕ್ರಿ."

"ಹಕ್ಕಿ ದನಿ?" ಶಂಕ್ರಪ್ಪ ಸುತ್ತ ನೆರೆದ ಜನರನ್ನು ನೋಡಿದರು, ಶಾಮಿಯಾನ ನೋಡಿದರು, ಹುನಗುಂದದ ಬೀಗರಿಗೆ ಕುದಿಯುತ್ತಿದ್ದ ಚಹದ ಪಾತ್ರೆ ನೋಡಿದರು. "ಒಂದು ಹಕ್ಕಿ ಸಲವಾಗಿ ಒಂದು ಹಿರೇ ಮನಷ್ಯಾಳನ್ನ ಹೊಳಿಗಿ ಹಾಕಿದ್ಯಲ್ಲೋ ಮಾರಾಯ!"

ಅತ್ತ ಕಾಳವ್ವ ಸೊಸೆಯನ್ನು ಹಿಡಿದುಕೊಂಡಿದ್ದಳು. "ಬಂಗಾರದಂಥಾ ಅತ್ತಿ ಅಂದೆಲ್ಲ, ಖರೇನ?"

ವಿದ್ಯಾ ಮುಖ ಒರೆಸಿಕೊಂಡು, ಹಿಟ್ಟಿನ ಡಬ್ಬಿ ಹುಡುಕುತ್ತಾ, "ನೀವು ಸತ್ತಿದ್ರ ಖರೆ ಇತ್ರಿ," ಎಂದಳು. ಆದರೂ ಪ್ರಸಾದದ ಗಂಟನ್ನು ಅತ್ತೆಯ ಕೈಯಿಂದ ಇಸಿದುಕೊಂಡು, ಕೂತಿದ್ದಕ್ಕೆ ಮಣ್ಣಾಗಿದ್ದ ಅವಳ ಸೀರೆಯನ್ನು ತಾನೇ ಝಾಡಿಸಿದಳು. ಮದುವೆಯಾಗಿ ಬಂದಂದಿನಿಂದ ಅವಳು ಹಾಗೆ ಮಾಡಿದ್ದನ್ನು ಓಣಿ ನೋಡಿರಲಿಲ್ಲ.

ಹೊರಡುವ ಮೊದಲು ಸುಧಾರಾಣಿ ಟೀಚರ್ ಶಂಕ್ರಪ್ಪನವರಿಗೆ ಕೈಮುಗಿದರು. "ಅಜ್ಜಾ, ಮುಂದಿನ ತಿಂಗಳ ಪುಟಕ್ಕ ಕೋಗಿಲಿ ದನಿ ಐತ್ರಿ. ಓಣ್ಯಾಗಿನ ಮಗ್ಗ ಒಂದ ಅರ್ಧ ತಾಸು ನಿಲ್ಲಿಸಿದ್ರ ಈ ಮಕ್ಕಳೆಲ್ಲಾ ಕೇಳ್ತಾವ್ರಿ."

ಶಂಕ್ರಪ್ಪ ಪಟಗ ಸುತ್ತಿಕೊಳ್ಳುತ್ತಾ ತಲೆ ಅಲ್ಲಾಡಿಸಿದರು. "ಪದ್ಧತಿ ಅಂದ್ರ ಪದ್ಧತ್ರಿ ಬಾಯಾರ. ಯಾರರ ಹೋಗದ ಮಗ್ಗ ನಿಲ್ಲಂಗಿಲ್ಲ."

ಮಕ್ಕಳ ಮುಖ ಸಣ್ಣದಾಯಿತು. ಮಾಯಾ ಕೈಯಲ್ಲಿದ್ದ ಎಲೆ ನೋಡಿದಳು, ಮರ ನೋಡಿದಳು, ಕೊನೆಗೆ ಆಯಿಯನ್ನು ನೋಡಿದಳು. ಅವಳು ನೋಡಿದ್ದಕ್ಕೆ ತರಗತಿಯೂ ನೋಡಿತು, ತರಗತಿ ನೋಡಿದ್ದಕ್ಕೆ ಓಣಿಯೂ ನೋಡಿತು. ಹುನಗುಂದದ ಬೀಗರು ಚಹದ ಕಪ್ಪು ಹಿಡಿದುಕೊಂಡೇ ಇತ್ತ ತಿರುಗಿದರು.

ಕಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

"ಎಲ್ಲಾರೂ ನನ್ನ ಯಾಕ ನೋಡ್ತೀರಿ? ನಾ ಒಮ್ಮೆ ಹೋಗಿ ಬಂದೇನಿ," ಎಂದಳು. "ಕೋಗಿಲಿ ಪಾಳಿ ಶಂಕ್ರಪ್ಪಂದು."

ಶಂಕ್ರಪ್ಪ ಒಲ್ಲೆ ಅನ್ನುವುದರೊಳಗೆ ಮಕ್ಕಳು ಚಪ್ಪಾಳೆ ತಟ್ಟಿಬಿಟ್ಟವು.